ಮೊದಲು ಮಗುವಿನ ಸೀಟು, ಆಮೇಲೆ ಕಾರು

ಈ ಸಂಚಿಕೆಗೆ ಒಂದು ಟೆಕ್ನಿಕಲ್ ಲೇಖನ ಬೇಕು, ಆದರೆ ಕನ್ನಡದಲ್ಲೇ ಇರಬೇಕು ಅಂತ ಕ್ಲಬ್ಬಿನವರು ಕೇಳಿದಾಗ ನನಗೆ ತಕ್ಷಣ ನೆನಪಾಗಿದ್ದು ನಮ್ಮ ಅಕ್ಕನ ಮನೆಯ ಕಾರು ಹುಡುಕಾಟ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಭಾಷೆಯಲ್ಲಿ ತಪ್ಪು ಕಂಡರೆ ಹೊಟ್ಟೆಗೆ ಹಾಕ್ಕೊಳ್ಳಿ, ಲೆಕ್ಕದಲ್ಲಿ ತಪ್ಪು ಕಂಡರೆ ಮಾತ್ರ ಖಂಡಿತ ಹೇಳಿ.

ಅಕ್ಕ, ಭಾವ ಇರೋದು ಹೆಬ್ಬಾಳದ ಕೆಂಪಾಪುರದಲ್ಲಿ. ಮಗಳು ಪುಟ್ಟಿಗೆ ಆಗ ಹತ್ತು ತಿಂಗಳು, ಒಂಬತ್ತು ಕೆಜಿ. ಒಂದು ಭಾನುವಾರ ಎಲ್ಲರೂ ಅವರ ಹಳೇ ಹ್ಯಾಚ್‌ಬ್ಯಾಕಲ್ಲಿ ಬರ್ತಾ ಇದ್ವಿ. ಪುಟ್ಟಿ ಹಿಂದಿನ ಸೀಟಲ್ಲಿ ನನ್ನ ತೊಡೆ ಮೇಲಿದ್ದಳು. ಹೆಬ್ಬಾಳ ಫ್ಲೈಓವರ್ ಇಳಿಯುವಾಗ ಮುಂದಿದ್ದ ಆಟೋ ಇದ್ದಕ್ಕಿದ್ದಂತೆ ನಮ್ಮ ಲೇನಿಗೆ ಬಂತು. ಭಾವ ಜೋರಾಗಿ ಬ್ರೇಕ್ ಹಾಕಿದರು. ನಮ್ಮ ವೇಗ ಗಂಟೆಗೆ 35 ಕಿಲೋಮೀಟರ್ ಇತ್ತೇನೋ, ಅಷ್ಟೇ. ನನ್ನ ಎರಡೂ ಕೈ ಅವಳ ಸೊಂಟದ ಸುತ್ತ ಇದ್ದವು. ಆದರೂ ಅವಳು ಜಾರಿ ಮುಂದಿನ ಸೀಟಿನ ಬೆನ್ನಿಗೆ ಹಣೆ ಬಡಿದುಕೊಂಡಳು. ಅದೃಷ್ಟಕ್ಕೆ ಸಣ್ಣ ಬುಗುಟು ಬಿಟ್ಟರೆ ಬೇರೇನೂ ಆಗಲಿಲ್ಲ. ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಮಾರನೇ ವಾರವೇ ಮಗುವಿನ ಸೀಟು ಬಂತು. ಆದರೆ ಅದನ್ನು ಹಳೇ ಕಾರಲ್ಲಿ ಕಟ್ಟಿದರೆ ಮುಂದಿನ ಎಡಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಬೇಕು. ಅಲ್ಲಿ ಕೂರೋದು ಪುಟ್ಟಿಯ ತಾತ. ಅವರಿಗೆ ಮಂಡಿನೋವು, ಕಾಲು ಮಡಚೋಕೆ ಆಗಲ್ಲ. ಹಾಗಾಗಿ ಕಾರೇ ಬದಲಾಗಬೇಕು ಅಂತಾಯ್ತು. ನೆಂಟರೆಲ್ಲ "ಏಳು ಸೀಟಿಂದು ದೊಡ್ಡ ಗಾಡಿ ತಗೊಳ್ಳಿ" ಅಂದರು. ಭಾವನ ಮುಖ ಸಣ್ಣಗಾಯ್ತು. ಅವರಿಗೆ ಚಾರ್ಮಾಡಿ ಘಾಟಿ ಅಂದರೆ ಪ್ರಾಣ. "ನೀನು ಮೆಕ್ಯಾನಿಕಲ್ ಓದ್ತಿದೀಯಲ್ಲ, ಮಗುವಿನ ಸೀಟೂ ಹಿಡಿಸಬೇಕು, ಓಡಿಸೋಕೂ ಖುಷಿಯಾಗಬೇಕು, ಅಂಥದ್ದು ಇದೆಯಾ ನೋಡಿ ಹೇಳು" ಅಂದರು. ಈ ಲೇಖನ ಆ ಹೋಮ್‌ವರ್ಕ್.

ತೊಡೆ ಯಾಕೆ ಸೀಟಲ್ಲ

ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11.1 ಮೀಟರ್. ಕಾರು ಎದುರಿಗೆ ಏನಕ್ಕೋ ಗುದ್ದಿ, ಅದರ ಮುಂಭಾಗ ಅರ್ಧ ಮೀಟರ್ ನಜ್ಜುಗುಜ್ಜಾಗಿ ನಿಂತಿತು ಅಂತ ಇಟ್ಕೊಳ್ಳಿ. ವಿ ಸ್ಕ್ವೇರ್ ಬೈ ಟೂ ಡಿ ಹಾಕಿದರೆ ಡಿಸೆಲರೇಶನ್ ಸುಮಾರು 123 ಬರುತ್ತೆ, ಅಂದರೆ ಗುರುತ್ವದ 12.5 ಪಟ್ಟು. ಒಂಬತ್ತು ಕೆಜಿ ಮಗುವನ್ನು ಹಿಡಿದಿಡೋಕೆ ಬೇಕಾದ ಬಲ ಸುಮಾರು 1,110 ನ್ಯೂಟನ್. ಇದು 113 ಕೆಜಿ ತೂಕವನ್ನು ದಿಢೀರ್ ಅಂತ ಎತ್ತಿದ ಹಾಗೆ. ಯಾವ ಅಮ್ಮನ ಕೈಯಿಂದಲೂ ಇದು ಸಾಧ್ಯವಿಲ್ಲ, ಪ್ರೀತಿ ಎಷ್ಟೇ ಇರಲಿ.

ಇನ್ನೂ ಮುಖ್ಯವಾದ ವಿಷಯ ಇದೆ. ಸೀಟಿಗೆ ಕಟ್ಟಿದ ಮಗು ಕಾರಿನ ಜೊತೆಜೊತೆಗೇ ನಿಲ್ಲುತ್ತೆ, ಆ ಅರ್ಧ ಮೀಟರ್ ಅದಕ್ಕೂ ಸಿಗುತ್ತೆ. ಕಟ್ಟದ ಮಗು 40ರ ವೇಗದಲ್ಲೇ ಮುಂದೆ ಹೋಗಿ ಮುಂದಿನ ಸೀಟಿಗೆ ಬಡಿದು ನಾಲ್ಕೈದು ಸೆಂಟಿಮೀಟರಲ್ಲಿ ನಿಲ್ಲುತ್ತೆ. ನಿಲ್ಲುವ ದೂರ ಹತ್ತನೇ ಒಂದು ಭಾಗವಾದರೆ ಬಲ ಹತ್ತು ಪಟ್ಟು. ವೇಗ 40ರಿಂದ 80 ಆದರೆ ನಾಲ್ಕು ಪಟ್ಟು, ಯಾಕಂದ್ರೆ ಅಲ್ಲಿರೋದು ವಿ ಸ್ಕ್ವೇರ್.

"ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿತ್ತು?" ಅಂತ ಅಜ್ಜಿ ಕೇಳಿದರು. ಅವರ ಕಾಲದಲ್ಲಿ ಬಳ್ಳಾರಿ ರೋಡಲ್ಲಿ ಈ ವೇಗವೂ ಇರಲಿಲ್ಲ ಅಂದೆ. ಕಾನೂನೂ ಈಗ ಬದಲಾಗಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಗಾಡಿ ಓಡಿಸಿದರೆ 1,000 ರೂಪಾಯಿ ದಂಡ.

ಹಿಂದಕ್ಕೆ ಮುಖ ಯಾಕೆ

ಪುಟ್ಟ ಮಗುವಿನ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಕುತ್ತಿಗೆ ಇನ್ನೂ ಗಟ್ಟಿಯಾಗಿರಲ್ಲ. ಮುಂದೆ ಮುಖ ಮಾಡಿ ಕೂತಿದ್ದಾಗ ಗುದ್ದಿದರೆ ಬೆಲ್ಟು ಎದೆಯನ್ನು ಹಿಡಿಯುತ್ತೆ, ತಲೆ ಮಾತ್ರ ಮುಂದಕ್ಕೆ ಎಸೆದಂತಾಗುತ್ತೆ. ಹಿಂದಕ್ಕೆ ಮುಖ ಇದ್ದರೆ ತಲೆ, ಕುತ್ತಿಗೆ, ಬೆನ್ನು ಎಲ್ಲ ಒಟ್ಟಿಗೆ ಸೀಟಿಗೆ ಒತ್ತಿಕೊಳ್ಳುತ್ತವೆ. ಬಲ ಅಷ್ಟೇ, ಆದರೆ ಅದು ಹಂಚಿಹೋಗುವ ಜಾಗ ದೊಡ್ಡದು. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಅವರಿಗೆ ಇದು ಹೊಳೆದದ್ದು ಜೆಮಿನಿ ಗಗನಯಾತ್ರಿಗಳು ಬೆನ್ನ ಮೇಲೆ ಮಲಗಿ ರಾಕೆಟ್ಟಿನಲ್ಲಿ ಹೋಗೋದನ್ನು ನೋಡಿ. 1964ರಲ್ಲಿ ಇಂಥ ಸೀಟಿನ ಮೊದಲ ಮಾದರಿಯನ್ನು ವೋಲ್ವೋ ಕಾರಲ್ಲಿ ಪರೀಕ್ಷೆ ಮಾಡಿದರು.

ಯುರೋಪಿನ ಆರ್129 ನಿಯಮದ ಪ್ರಕಾರ ಕನಿಷ್ಠ 15 ತಿಂಗಳವರೆಗೆ ಹಿಂದಕ್ಕೇ ಮುಖ ಇರಬೇಕು. ಇಂಥ ಸೀಟನ್ನು ಏರ್‌ಬ್ಯಾಗ್ ಆನ್ ಇರುವ ಮುಂದಿನ ಸೀಟಿಗೆ ಯಾವತ್ತೂ ಹಾಕಬಾರದು. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದು ನೇರ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂದೆಯೇ ಗುದ್ದುತ್ತೆ.

ಐಸೋಫಿಕ್ಸ್ ಅಂದ್ರೆ ಏನು

ಕಾರಿನ ಹಿಂದಿನ ಸೀಟಲ್ಲಿ ಬೆನ್ನು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಕೈ ಹಾಕಿ ನೋಡಿ. ಆರು ಮಿಲಿಮೀಟರ್ ದಪ್ಪದ ಎರಡು ಕಬ್ಬಿಣದ ಕೊಂಡಿಗಳು ಸಿಗಬೇಕು, ಮಧ್ಯದಿಂದ ಮಧ್ಯಕ್ಕೆ 280 ಮಿಲಿಮೀಟರ್ ಅಂತರ. ಅವು ನೇರವಾಗಿ ಕಾರಿನ ಬಾಡಿಗೆ ಸೇರಿರುತ್ತವೆ. ಮಗುವಿನ ಸೀಟು ಅದಕ್ಕೆ ಕ್ಲಿಕ್ ಅಂತ ಕೂರುತ್ತೆ. ಆದರೆ ಎರಡು ಪಾಯಿಂಟಲ್ಲಿ ಹಿಡಿದ ವಸ್ತು ಗಿರ್ರನೆ ತಿರುಗುತ್ತೆ ಅಂತ ನಮಗೆಲ್ಲ ಫಸ್ಟ್ ಇಯರ್ ಮೆಕ್ಯಾನಿಕ್ಸಲ್ಲೇ ಗೊತ್ತು. ಅದಕ್ಕೇ ಮೂರನೇ ಆಧಾರ ಬೇಕು: ಮೇಲಿಂದ ಎಳೆದು ಹಿಡಿಯುವ ಟಾಪ್ ಟೆದರ್ ಪಟ್ಟಿ, ಇಲ್ಲಾಂದ್ರೆ ನೆಲಕ್ಕೆ ಊರುವ ಕಾಲು.

ಬೆಲ್ಟಿನಿಂದ ಕಟ್ಟುವ ಸೀಟೂ ಸರಿಯೇ. ತೊಂದರೆ ಏನಂದ್ರೆ ಬೆಲ್ಟನ್ನು ಸಡಿಲವಾಗಿ, ತಪ್ಪು ದಾರಿಯಲ್ಲಿ ಹಾಕೋದು ತುಂಬ ಸುಲಭ. ಐಸೋಫಿಕ್ಸಲ್ಲಿ ಆ ತಪ್ಪಿಗೆ ಅವಕಾಶ ಕಡಿಮೆ.

ಓಡಿಸೋಕೆ ಖುಷಿ ಅಂದ್ರೆ ಏನು

ಭಾವನನ್ನು ಕೇಳಿದೆ. "ಸ್ಟೇರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗಬೇಕು, ಬಾಡಿ ವಾಲಬಾರದು, ಓವರ್‌ಟೇಕ್‌ಗೆ ಕಾಯಿಸಬಾರದು" ಅಂದರು. ಪೂರ್ತಿ ಪ್ರಶ್ನೆಪತ್ರಿಕೆ ಇದರಲ್ಲೇ ಇದೆ.

ತಿರುವಲ್ಲಿ ಕಾರಿನ ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಹೋಗುತ್ತೆ. ಎಷ್ಟು ಅನ್ನೋದು ಗುರುತ್ವ ಕೇಂದ್ರದ ಎತ್ತರ ಮತ್ತು ಚಕ್ರಗಳ ನಡುವಿನ ಅಗಲದ ಮೇಲೆ ನಿಂತಿದೆ. ಆ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಸ್ಟ್ಯಾಟಿಕ್ ಸ್ಟೆಬಿಲಿಟಿ ಫ್ಯಾಕ್ಟರ್ ಅಂತಾರೆ. ಸಾಮಾನ್ಯ ಕಾರುಗಳಿಗೆ ಇದು 1.3ರಿಂದ 1.5, ಎಸ್‌ಯುವಿಗಳಿಗೆ 1.0ರಿಂದ 1.3ರ ಆಸುಪಾಸು. ಕಡಿಮೆಯಾದಷ್ಟೂ ಪಲ್ಟಿ ಹೊಡೆಯುವ ಸಾಧ್ಯತೆ ಜಾಸ್ತಿ.

ಈಗ ಗಮನಿಸಿ. ಭಾವ ಕೇಳಿದ ತಗ್ಗಾದ, ಅಗಲವಾದ, ವಾಲದ ಕಾರೇ ಪುಟ್ಟಿಗೂ ಒಳ್ಳೇದು. ಪಕ್ಕಕ್ಕೆ ವಾಲಾಟ ಕಡಿಮೆ, ತಪ್ಪಿಸಿಕೊಳ್ಳೋಕೆ ಸ್ಟೇರಿಂಗ್ ಎಳೆದಾಗ ಕಾರು ಕೈಯಲ್ಲೇ ಇರುತ್ತೆ. ಒಳ್ಳೇ ಬ್ರೇಕು, ಒಳ್ಳೇ ಟೈರು ಇಬ್ಬರಿಗೂ ಬೇಕು. ನಾವು ಇಷ್ಟು ದಿನ ಖುಷಿ ಒಂದು ಕಡೆ, ಜವಾಬ್ದಾರಿ ಇನ್ನೊಂದು ಕಡೆ ಅಂದುಕೊಂಡಿದ್ವಿ. ಲೆಕ್ಕ ಹಾಕಿದರೆ ಜಗಳ ಇರೋದು ಒಂದೇ ಜಾಗದಲ್ಲಿ: ಉದ್ದ. ಹಿಂದಕ್ಕೆ ಮುಖ ಮಾಡಿದ ಸೀಟು ಉದ್ದ ಜಾಗ ತಿನ್ನುತ್ತೆ.

ನಮ್ಮ ದೇಶದಲ್ಲಿ ಆ ಉದ್ದಕ್ಕೂ ತೆರಿಗೆ ಇದೆ. ನಾಲ್ಕು ಮೀಟರ್ ಒಳಗಿನ, 1,200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18 ಪರ್ಸೆಂಟ್, ದೊಡ್ಡದಕ್ಕೆ 40 ಪರ್ಸೆಂಟ್. ಒಂದು ಉದಾಹರಣೆ ನೋಡಿ. ಸ್ಕೋಡಾ ಕೈಲಾಕ್ ಉದ್ದ 3,995 ಮಿಲಿಮೀಟರ್, ವೀಲ್‌ಬೇಸ್ 2,566, ಎತ್ತರ 1,619. ಫೋಕ್ಸ್‌ವ್ಯಾಗನ್ ವರ್ಟಸ್ ಉದ್ದ 4,561, ವೀಲ್‌ಬೇಸ್ 2,651, ಎತ್ತರ 1,507. ಎರಡರಲ್ಲೂ ಅದೇ ಒಂದು ಲೀಟರ್ ಟರ್ಬೊ, 115 ಪಿಎಸ್ ಎಂಜಿನ್ ಸಿಗುತ್ತೆ. ಒಂದು 112 ಮಿಲಿಮೀಟರ್ ತಗ್ಗು, ಇನ್ನೊಂದಕ್ಕೆ ತೆರಿಗೆ ಕಡಿಮೆ, ಪಾರ್ಕಿಂಗ್ ಸುಲಭ.

ಸ್ಟಾರ್ ನೋಡುವಾಗಲೂ ಮಕ್ಕಳ ಸ್ಟಾರ್ ಬೇರೆ ಇರುತ್ತೆ ಅನ್ನೋದು ನೆನಪಿರಲಿ. ಭಾರತ್ ಎನ್‌ಕ್ಯಾಪಲ್ಲೂ ಗ್ಲೋಬಲ್ ಎನ್‌ಕ್ಯಾಪಲ್ಲೂ ಅದಕ್ಕೆ 49 ಅಂಕ: ಗುದ್ದಿಸುವ ಪರೀಕ್ಷೆಗೆ 24, ಮಕ್ಕಳ ಸೀಟು ಸರಿಯಾಗಿ ಕೂರುತ್ತಾ ಅನ್ನೋದಕ್ಕೆ 12, ಕಾರಿನ ಸೌಲಭ್ಯಗಳಿಗೆ 13. 2024ರಲ್ಲಿ ಹೊಸ ಡಿಜೈರ್‌ಗೆ ಗ್ಲೋಬಲ್ ಎನ್‌ಕ್ಯಾಪ್ ದೊಡ್ಡವರ ವಿಭಾಗದಲ್ಲಿ ಐದು ಸ್ಟಾರ್ ಕೊಟ್ಟರೆ ಮಕ್ಕಳ ವಿಭಾಗದಲ್ಲಿ ನಾಲ್ಕು ಕೊಟ್ಟಿತು. 2023ರಲ್ಲಿ ವರ್ಟಸ್‌ಗೆ ಎರಡರಲ್ಲೂ ಐದು ಬಂತು.

ಟೇಪು, ಸೀಟು, ಅಕ್ಕಿ ಚೀಲ

ಮೂರು ಶನಿವಾರ ಮಗುವಿನ ಸೀಟು ಹೊತ್ಕೊಂಡು ಶೋರೂಮ್ ಸುತ್ತಿದ್ವಿ. ಒಂದು ಕಡೆ ಸೇಲ್ಸ್‌ನವರು ಸನ್‌ರೂಫ್ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಟಾಪ್ ಟೆದರ್ ಎಲ್ಲಿದೆ ಅಂದಾಗ ಫೋನ್ ತೆಗೆದು ಹುಡುಕಿದರು. ನೀವು ಹೋದಾಗ ಈ ಕ್ರಮದಲ್ಲಿ ಮಾಡಿ:

1. ಮೊದಲು ಮುಂದಿನ ಎರಡೂ ಸೀಟಲ್ಲಿ ನಿಜವಾಗಿ ಕೂರೋರನ್ನೇ ಕೂರಿಸಿ, ಅವರಿಗೆ ಬೇಕಾದಷ್ಟು ಹಿಂದಕ್ಕೆ ಸರಿಸಿ.

2. ಆಮೇಲೆ ಮಗುವಿನ ಸೀಟನ್ನು ಹಿಂದಿನ ಎಡಬದಿಗೆ ಹಾಕಿ. ಫುಟ್‌ಪಾತ್ ಕಡೆಯಿಂದಲೇ ಮಗುವನ್ನು ಹತ್ತಿಸಿ ಇಳಿಸಬಹುದು.

3. ಸೀಟಿನ ಬುಡ ಹಿಡಿದು ಅಲುಗಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಜಾಸ್ತಿ ಅಲುಗಾಡಬಾರದು.

4. ಮುಂದೆ ಕೂತವರ ಮಂಡಿಗೂ ಡ್ಯಾಶ್‌ಬೋರ್ಡಿಗೂ ಎಷ್ಟು ಜಾಗ ಉಳೀತು, ಅಳೆದು ಬರೆದುಕೊಳ್ಳಿ.

5. ಡಿಕ್ಕಿಯಲ್ಲಿ ಮಡಚಿದ ಸ್ಟ್ರೋಲರ್ ಇಟ್ಟು ಬಾಗಿಲು ಹಾಕಿ ನೋಡಿ.

6. ಇಷ್ಟೆಲ್ಲ ಪಾಸಾದ ಮೇಲೆ ಟೆಸ್ಟ್ ಡ್ರೈವ್.

ಟೆಸ್ಟ್ ಡ್ರೈವಿಗೆ ಪುಟ್ಟಿ ಬದಲು ಒಂಬತ್ತು ಕೆಜಿ ಸೋನಾ ಮಸೂರಿ ಅಕ್ಕಿಯನ್ನು ಸೀಟಲ್ಲಿ ಕಟ್ಟಿದ್ವಿ. ಸೇಲ್ಸ್‌ನವರು ನಕ್ಕರು, ನಗಲಿ. ಸಹಕಾರನಗರದ ಒಳರಸ್ತೆಯ ಹಂಪುಗಳು, ಹೆಬ್ಬಾಳ ಫ್ಲೈಓವರಿನ ತಿರುವು, ಯಲಹಂಕ ಕಡೆಯ ಎಲಿವೇಟೆಡ್ ರಸ್ತೆ, ಮೂರೂ ಕಡೆ ಓಡಿಸಿದ್ವಿ. ಟ್ರಾಫಿಕ್ಕಲ್ಲಿ ಕ್ಲಚ್ ಎಷ್ಟು ಭಾರ ಅನ್ನೋದೂ ಖುಷಿಯ ಲೆಕ್ಕಕ್ಕೆ ಸೇರಬೇಕು, ಯಾಕಂದ್ರೆ ಚಾರ್ಮಾಡಿಗೆ ಹೋಗೋದು ವರ್ಷಕ್ಕೆ ಎರಡು ಸಲ, ಹೆಬ್ಬಾಳ ಜಂಕ್ಷನ್ ದಿನಕ್ಕೆ ಎರಡು ಸಲ.

ಕೊನೆಗೆ

ಏಳು ಸೀಟಿನ ಗಾಡಿ ಬೇಕಾಗಲಿಲ್ಲ. ಎರಡು ವರ್ಷ ಹಳೆಯ, ಒಂದು ಲೀಟರ್ ಟರ್ಬೊ ಇರುವ ಮ್ಯಾನುವಲ್ ಸೆಡಾನ್ ತಗೊಂಡರು. ಸೆಕೆಂಡ್ ಹ್ಯಾಂಡ್ ಆದ್ದರಿಂದ ಬೆಲೆಯೂ ಕೈಗೆಟುಕಿತು. ಹೆಸರು ಹೇಳಿದರೆ ಜಾಹೀರಾತಾಗುತ್ತೆ, ನಿಮ್ಮ ಮನೆಯ ತಾತನ ಮಂಡಿಯ ಅಳತೆಯೂ ಬೇರೆ. ಆದರೆ ಒಂದು ಮಾತು: ಕಾರು ಸೆಕೆಂಡ್ ಹ್ಯಾಂಡ್ ಪರವಾಗಿಲ್ಲ, ಆಕ್ಸಿಡೆಂಟ್ ಆದ ಕಾರಿಂದ ತೆಗೆದ ಮಗುವಿನ ಸೀಟು ಮಾತ್ರ ಬೇಡ. ಒಳಗೆ ಬಿರುಕು ಬಿಟ್ಟಿದ್ದರೆ ಹೊರಗೆ ಕಾಣಲ್ಲ.

ಹೋದ ತಿಂಗಳು ಅದೇ ಫ್ಲೈಓವರ್ ಇಳಿಯುವಾಗ ಮತ್ತೆ ಒಂದು ಜೋರು ಬ್ರೇಕ್ ಬಿತ್ತು. ನನ್ನ ಕೈ ತಾನಾಗೇ ಪುಟ್ಟಿ ಕಡೆ ಹೋಯ್ತು. ಅವಳು ಸೀಟಲ್ಲಿ ನಿದ್ದೆ ಮಾಡ್ತಾ ಇದ್ದಳು, ಏಳಲೇ ಇಲ್ಲ. ಮುಂದೆ ತಾತ ಕಾಲು ಚಾಚಿಕೊಂಡು ಕೂತಿದ್ದರು.

ನಮ್ಮಲ್ಲಿ ಯಾರೂ ಈಗಲೇ ಮಗುವಿನ ಸೀಟು ಕೊಳ್ಳೋರಲ್ಲ, ಗೊತ್ತು. ಆದರೆ ಅಕ್ಕ, ಅಣ್ಣ, ಅತ್ತಿಗೆ ಎಲ್ಲರಿಗೂ ಇದ್ದಾರೆ, ಕಾರು ತಗೊಳ್ಳುವಾಗ ಮನೆಯವರು ಕೇಳೋದು ಇಂಜಿನಿಯರಿಂಗ್ ಓದೋ ನಮ್ಮನ್ನೇ. ಮೈಲೇಜ್ ಎಷ್ಟು ಅಂತ ಹೇಳೋ ಮೊದಲು ಒಂದು ಸಲ ಹಿಂದಿನ ಸೀಟಿನ ಸಂದಿಗೆ ಕೈ ಹಾಕಿ ಆ ಎರಡು ಕೊಂಡಿ ಇದೆಯಾ ನೋಡಿ.