ಓಟದ ಪಥದಲ್ಲಿ ಕಾರಿನ ಬಣ್ಣದ ರಕ್ಷಣೆ

ಮೋಟಾರು ಕಾರಿನ ಬಣ್ಣವನ್ನು ನಾವು ಸಾಮಾನ್ಯವಾಗಿ ಅಲಂಕಾರವೆಂದೇ ಭಾವಿಸುತ್ತೇವೆ. ವಾಸ್ತವವಾಗಿ ಅದೊಂದು ಕವಚ. ಉಕ್ಕಿನ ತಗಡು ಗಾಳಿಯ ಆಮ್ಲಜನಕದೊಡನೆಯೂ ತೇವದೊಡನೆಯೂ ಸೇರಿ ತುಕ್ಕಾಗಿ ಹೋಗದಂತೆ ಕಾಯುತ್ತಿರುವುದು ಈ ತೆಳುವಾದ ಲೇಪವೇ. ಈ ಕವಚವು ಅತ್ಯಂತ ಕಠಿನವಾದ ಪರೀಕ್ಷೆಗೆ ಗುರಿಯಾಗುವುದು ಓಟದ ಪಥದ ಮೇಲೆ. ಅಲ್ಲಿ ಅದಕ್ಕೆ ಎಂತಹ ಪೆಟ್ಟುಗಳು ಬೀಳುತ್ತವೆ, ಅವುಗಳನ್ನು ತಡೆಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ. ಪ್ರೌಢಶಾಲೆಯಲ್ಲಿ ಕಲಿಯುವ ಭೌತಶಾಸ್ತ್ರವೇ ಇದಕ್ಕೆ ಬಹುಮಟ್ಟಿಗೆ ಸಾಕು.

ಸ್ವಂತ ಕಾರನ್ನು ಓಟದ ಪಥಕ್ಕೆ ಕೊಂಡೊಯ್ದು, ಶುಲ್ಕ ತೆತ್ತು, ಅದರ ವೇಗವನ್ನೂ ತಮ್ಮ ಚಾಲನಾಕೌಶಲವನ್ನೂ ಪರೀಕ್ಷಿಸಿಕೊಳ್ಳುವ ದಿನಕ್ಕೆ ‘ಟ್ರ್ಯಾಕ್ ಡೇ’ ಎಂದು ಹೆಸರು. ಇದು ಸ್ಪರ್ಧೆಯಲ್ಲ, ಗೆದ್ದವರು, ಸೋತವರು ಎಂಬ ಮಾತು ಇಲ್ಲಿಲ್ಲ. ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ ಪಥವನ್ನು ೧೯೨೭ರಲ್ಲಿ ತೆರೆದ ಕಾಲದಿಂದಲೂ, ಹಣ ಕೊಟ್ಟು ಅದರ ಮೇಲೆ ಕಾರು ನಡೆಸಲು ಸಾರ್ವಜನಿಕರಿಗೆ ಅವಕಾಶವಿದೆ. ಅದರ ಉತ್ತರ ಸುತ್ತಿನ ಉದ್ದ ೨೦.೮ ಕಿಲೋಮೀಟರು. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ವಿಮಾನನೆಲೆಗಳಾಗಿದ್ದ ಸಿಲ್ವರ್‌ಸ್ಟನ್ ಮತ್ತು ಗುಡ್‌ವುಡ್‌ಗಳು ೧೯೪೮ರಿಂದ ಓಟದ ಪಥಗಳಾದುವು. ನಮ್ಮ ದೇಶದಲ್ಲಿ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈಯಲ್ಲಿಯೂ ಕೊಯಮತ್ತೂರಿನ ಬಳಿಯಲ್ಲಿಯೂ ಇಂತಹ ಪಥಗಳಿವೆ.

ಇಂತಹ ಪಥಗಳ ತಿರುವುಗಳಲ್ಲಿ, ಹಾದಿ ತಪ್ಪಿದ ಕಾರುಗಳನ್ನು ತಡೆದು ನಿಲ್ಲಿಸುವ ಸಲುವಾಗಿ ಹಲವೆಡೆ ಹೊರಬದಿಗೆ ಜಲ್ಲಿಯನ್ನು ಹರಡಿರುತ್ತಾರೆ. ಒಂದು ಕಾರು ಆ ಜಲ್ಲಿಗೆ ಇಳಿದು ಹಿಂದಿರುಗಿತೆಂದರೆ ನೂರಾರು ಚಿಕ್ಕ ಕಲ್ಲುಗಳು ಪಥದ ಮೇಲೆ ಬಂದು ಬೀಳುತ್ತವೆ. ವೇಗದಿಂದ ಕಾದ ಟೈರುಗಳು ಅಂಟಂಟಾಗಿ ಈ ಕಲ್ಲುಗಳನ್ನು ಎತ್ತಿಕೊಳ್ಳುತ್ತವೆ. ತಮ್ಮ ರಬ್ಬರನ್ನೂ ಸಣ್ಣ ಉಂಡೆಗಳಾಗಿ ಉದುರಿಸುತ್ತವೆ. ಕಾರಿನ ಬಣ್ಣಕ್ಕೆ ಎದುರಾಗುವ ಶತ್ರುಗಳು ಇವೇ.

ಬಣ್ಣದ ಪದರಗಳು

ಕಾರಖಾನೆಯಿಂದ ಬಂದ ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಮೊದಲು ಸತುವಿನ ಫಾಸ್ಫೇಟಿನಂತಹ ಲವಣದ ಅತಿ ತೆಳುವಾದ ಹೊದಿಕೆಯನ್ನು ಕೂರಿಸುತ್ತಾರೆ. ಬಳಿಕ ಕಾರಿನ ಒಡಲನ್ನೇ ಒಂದು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹರಿಸಿ, ಮೂಲೆಮುಡುಕುಗಳಿಗೂ ತಲಪುವಂತೆ ತುಕ್ಕುನಿರೋಧಕ ಲೇಪವನ್ನು ಹಿಡಿಸುತ್ತಾರೆ. ಇದರ ದಪ್ಪ ಸುಮಾರು ೨೦ ಮೈಕ್ರೋಮೀಟರು. ಒಂದು ಮೈಕ್ರೋಮೀಟರೆಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇದರ ಮೇಲೆ ಒರಟುತನವನ್ನು ಮುಚ್ಚುವ ಪದರ, ಅದರ ಮೇಲೆ ಕಣ್ಣಿಗೆ ಕಾಣುವ ಬಣ್ಣದ ಪದರ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಹೊಳಪಿನ ಪದರ. ಇವೆಲ್ಲವನ್ನೂ ಕೂಡಿಸಿದರೂ ಒಟ್ಟು ದಪ್ಪ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರೋಮೀಟರು ಮಾತ್ರ. ನಾವು ಬರೆಯುವ ಕಾಗದದ ಒಂದು ಹಾಳೆಯ ದಪ್ಪವೂ ಹೆಚ್ಚು ಕಡಮೆ ಇಷ್ಟೇ. ಸಾವಿರ ಕಿಲೋಗ್ರಾಮಿಗೂ ಮೀರಿದ ವಾಹನದ ಉಕ್ಕನ್ನು ಕಾಗದದ ಹಾಳೆಯಷ್ಟು ದಪ್ಪದ ಕವಚವೊಂದು ಕಾಪಾಡುತ್ತಿದೆಯೆಂಬುದು ಆಶ್ಚರ್ಯದ ಸಂಗತಿಯೇ ಸರಿ.

ಹೊಡೆಯುವುದು ಕಲ್ಲೋ, ಕಾರೋ?

ಚಲಿಸುವ ವಸ್ತುವಿನ ಚಲನಶಕ್ತಿ ಅದರ ದ್ರವ್ಯರಾಶಿ ಮತ್ತು ವೇಗದ ವರ್ಗ ಇವುಗಳ ಗುಣಲಬ್ಧದ ಅರ್ಧದಷ್ಟು. ದೊಡ್ಡ ಕಡಲೆಕಾಳಿನ ಗಾತ್ರದ, ಒಂದು ಗ್ರಾಂ ತೂಕದ ಕಲ್ಲನ್ನು ತೆಗೆದುಕೊಳ್ಳೋಣ. ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಅದರ ಡಿಕ್ಕಿಯ ಶಕ್ತಿ ಸುಮಾರು ೦.೩೯ ಜೌಲ್. ವೇಗ ೨೦೦ ಕಿಲೋಮೀಟರಾದರೆ ಶಕ್ತಿ ಇಮ್ಮಡಿಯಾಗದೆ ನಾಲ್ಮಡಿಯಾಗಿ ೧.೫೪ ಜೌಲಿಗೆ ಏರುತ್ತದೆ. ೧೦೦ ಗ್ರಾಮಿನ ತೂಕವೊಂದು ಒಂದೂವರೆ ಮೀಟರಿಗೂ ಸ್ವಲ್ಪ ಹೆಚ್ಚಿನ ಎತ್ತರದಿಂದ ಬಿದ್ದರೆ ಎಷ್ಟು ಶಕ್ತಿಯೋ ಅಷ್ಟು ಶಕ್ತಿಯನ್ನು ಆ ಕಲ್ಲು ತನ್ನ ಒಂದು ಚೂಪಾದ ಮೂಲೆಯ ಮೂಲಕ ಬಣ್ಣಕ್ಕೆ ಕೊಡುತ್ತದೆ.

ಮುಂದಿನ ಕಾರಿನ ಟೈರು ಕಲ್ಲನ್ನು ಹಿಂದಕ್ಕೆ ಎಸೆಯುತ್ತದೆಂದು ಅನೇಕರು ತಿಳಿದಿದ್ದಾರೆ. ಚಕ್ರದ ಚಲನೆಯನ್ನು ಪರಿಶೀಲಿಸಿದರೆ ನಿಜಸ್ಥಿತಿ ಬೇರೆಯೆಂದು ತಿಳಿಯುತ್ತದೆ. ಜಾರದೆ ಉರುಳುತ್ತಿರುವ ಚಕ್ರದಲ್ಲಿ, ನೆಲವನ್ನು ಮುಟ್ಟಿರುವ ಬಿಂದು ಆ ಕ್ಷಣದಲ್ಲಿ ನೆಲದ ದೃಷ್ಟಿಯಿಂದ ನಿಶ್ಚಲವಾಗಿರುತ್ತದೆ. ಚಕ್ರದ ನೆತ್ತಿಯಾದರೋ ಕಾರಿನ ವೇಗದ ಎರಡರಷ್ಟು ವೇಗದಲ್ಲಿ ಮುಂದಕ್ಕೆ ಧಾವಿಸುತ್ತಿರುತ್ತದೆ. ಆದ್ದರಿಂದ ಟೈರಿಗೆ ಅಂಟಿದ ಕಲ್ಲು ನೆಲವನ್ನು ಬಿಟ್ಟು ಸ್ವಲ್ಪ ಮೇಲೇರಿ ಕಳಚಿಕೊಂಡಾಗ, ನೆಲದ ಮೇಲೆ ನಿಂತು ನೋಡುವವನಿಗೆ ಅದು ಮುಖ್ಯವಾಗಿ ಮೇಲಕ್ಕೆ ನೆಗೆದಂತೆಯೂ ಕೊಂಚ ಮುಂದಕ್ಕೆ ಸರಿದಂತೆಯೂ ಕಾಣುತ್ತದೆ. ಹೀಗೆ ಗಾಳಿಯಲ್ಲಿ ತೇಲುತ್ತಿರುವ ಕಲ್ಲಿಗೆ ಹಿಂದಿನಿಂದ ಬರುವ ಕಾರು ಹೋಗಿ ಡಿಕ್ಕಿ ಹೊಡೆಯುತ್ತದೆ. ಡಿಕ್ಕಿಯ ಶಕ್ತಿಯ ಬಹುಭಾಗವನ್ನು ಒದಗಿಸುವುದು ಹಿಂದಿನ ಕಾರಿನ ಸ್ವಂತ ವೇಗವೇ. ಚಕ್ರ ನೆಲದ ಮೇಲೆ ಜಾರಿ ತಿರುಗಿದಾಗ ಮಾತ್ರ ಕಲ್ಲು ನಿಜವಾಗಿ ಹಿಂದಕ್ಕೆ ಚಿಮ್ಮುತ್ತದೆ.

ಇದರಿಂದ ಬಹು ಉಪಯುಕ್ತವಾದ ಒಂದು ನಿಯಮ ದೊರೆಯುತ್ತದೆ. ಕಾರು ಸೆಕೆಂಡಿಗೆ ೪೦ ಮೀಟರು, ಅಂದರೆ ಗಂಟೆಗೆ ೧೪೪ ಕಿಲೋಮೀಟರು ವೇಗದಲ್ಲಿದೆ. ಚಕ್ರ ೧೦ ಅಂಶ ತಿರುಗುವಷ್ಟರಲ್ಲಿ ಕಲ್ಲು ಕಳಚಿತು ಎಂದು ಊಹಿಸೋಣ. ಆಗ ಅದರ ಊರ್ಧ್ವವೇಗ ಸೆಕೆಂಡಿಗೆ ಸುಮಾರು ೭ ಮೀಟರು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಎರಡೂವರೆ ಮೀಟರು ಎತ್ತರಕ್ಕೆ ಏರಿ, ೧.೪ ಸೆಕೆಂಡಿನಲ್ಲಿ ಮತ್ತೆ ನೆಲಕ್ಕೆ ಬೀಳುತ್ತದೆ. ಅಷ್ಟು ಹೊತ್ತಿಗೆ ಕಾರು ಕ್ರಮಿಸುವ ದೂರ ೫೭ ಮೀಟರು. ಮುಂದಿನ ಕಾರಿಗಿಂತ ೬೦ ಮೀಟರು ಹಿಂದೆ ಇರುವ ಚಾಲಕನ ಪಾಲಿಗೆ ಆ ಕಲ್ಲು ಆಗಲೇ ನೆಲ ಸೇರಿರುತ್ತದೆ. ೨೦ ಮೀಟರು ಹಿಂದೆ ಇರುವವನಿಗೆ ಅದು ಇನ್ನೂ ಗಾಳಿಯಲ್ಲಿರುತ್ತದೆ. ಅಂತರವನ್ನು ಕಾಯ್ದುಕೊಳ್ಳುವುದೇ ಬಣ್ಣಕ್ಕೆ ಮೊದಲನೆಯ ರಕ್ಷಣೆ. ಅದಕ್ಕೆ ಕಾಸಿನ ಖರ್ಚೂ ಇಲ್ಲ. ಅಪಘಾತವೂ ಅದರಿಂದಲೇ ತಪ್ಪುತ್ತದೆ.

ಡಿಕ್ಕಿಯ ಕೋನವೂ ಮುಖ್ಯ. ಸಮತಲವಾಗಿ ಬಂದ ಕಲ್ಲು ನೆಟ್ಟಗೆ ನಿಂತ ಬಂಪರಿಗೆ ತನ್ನ ಶಕ್ತಿಯನ್ನು ಪೂರ್ತಿಯಾಗಿ ಒಪ್ಪಿಸುತ್ತದೆ. ಆದರೆ ೧೦ ಅಂಶ ಮಾತ್ರ ಓರೆಯಾಗಿರುವ ಬಾನೆಟ್ಟಿನ ಮೇಲೆ, ಮೇಲ್ಮೈಗೆ ಲಂಬವಾದ ವೇಗದಿಂದ ಬರುವ ಶಕ್ತಿ ನೂರರಲ್ಲಿ ಮೂರು ಪಾಲಷ್ಟೇ. ಉಳಿದ ಶಕ್ತಿಯೊಡನೆ ಕಲ್ಲು ಜಾರಿಹೋಗುತ್ತದೆ. ಆದ್ದರಿಂದ ರಕ್ಷಣೆ ಮುಖ್ಯವಾಗಿ ಬೇಕಾಗುವುದು ಬಂಪರು, ಬಾನೆಟ್ಟಿನ ಮುಂಗಟ್ಟು ಮತ್ತು ಪಕ್ಕದ ಕನ್ನಡಿಗಳ ಮುಂಭಾಗಕ್ಕೆ. ತನ್ನ ಮುಂದಿನ ಚಕ್ರಗಳೇ ಎಸೆಯುವ ಕಲ್ಲುಗಳಿಗೆ ಗುರಿಯಾಗುವ ಬಾಗಿಲುಗಳ ಕೆಳಅಂಚನ್ನೂ ಹಿಂದಿನ ಚಕ್ರಗಳ ಮುಂದಿರುವ ಭಾಗವನ್ನೂ ಮರೆಯಬಾರದು.

ಗಡಸುತನವೋ, ಮಣಿಯುವ ಗುಣವೋ?

ಪೆಟ್ಟನ್ನು ತಡೆಯಲು ಕಠಿನವಾದ ವಸ್ತುವೇ ತಕ್ಕದ್ದೆಂದು ತೋರುವುದು ಸಹಜ. ಆದರೆ ಗಾಜಿನ ಸಾಮಾನನ್ನು ದೂರದೂರಿಗೆ ಕಳುಹಿಸುವ ವ್ಯಾಪಾರಿ ಅದನ್ನು ಹುಲ್ಲಿನಲ್ಲಿ ಹುದುಗಿಸುತ್ತಾನೆಯೇ ಹೊರತು ಕಬ್ಬಿಣದ ತಗಡಿನಲ್ಲಿ ಸುತ್ತುವುದಿಲ್ಲ. ಕಲ್ಲು ನಿಲ್ಲಲು ಹಿಡಿಯುವ ಕಾಲ ದೀರ್ಘವಾದಷ್ಟೂ ಅದು ಪ್ರಯೋಗಿಸುವ ಬಲ ಕಡಮೆ. ಆ ಬಲ ಹರಡುವ ಜಾಗ ವಿಶಾಲವಾದಷ್ಟೂ ಒತ್ತಡ ಕಡಮೆ. ಮಣಿಯುವ ವಸ್ತು ಈ ಎರಡು ಉಪಕಾರಗಳನ್ನೂ ಮಾಡುತ್ತದೆ. ಕಾರಿನ ಹೊಳಪಿನ ಪದರಕ್ಕೆ ಮಣಿಯುವ ಗುಣ ಬಹಳ ಕಡಮೆ. ಶೀತದಲ್ಲಿ ಅದು ಇನ್ನಷ್ಟು ಪೆಡಸಾಗಿ ಚಕ್ಕೆ ಏಳುತ್ತದೆ.

ಈ ತತ್ತ್ವದ ಮೇಲೆ ನಿಂತಿರುವುದೇ ಈಗ ಬಳಕೆಯಲ್ಲಿರುವ ಪಾರದರ್ಶಕ ರಕ್ಷಕಪೊರೆ. ಅಂಗಡಿಗಳಲ್ಲಿ ಇದನ್ನು ‘ಪಿ.ಪಿ.ಎಫ್.’ ಎಂದು ಕರೆಯುತ್ತಾರೆ. ೧೯೩೭ರಲ್ಲಿ ಜರ್ಮನಿಯ ಆಟೋ ಬಾಯರ್ ಮತ್ತು ಆತನ ಸಹೋದ್ಯೋಗಿಗಳು ಕಂಡುಹಿಡಿದ ಪಾಲಿಯುರಿಥೇನ್ ವರ್ಗದ ವಸ್ತುಗಳಿಂದ ಇದು ತಯಾರಾಗುತ್ತದೆ. ಇದರ ಉದ್ದನೆಯ ಅಣುಸರಪಳಿಗಳಲ್ಲಿ ಮೃದುವಾದ ಭಾಗಗಳೂ ಗಡುಸಾದ ಭಾಗಗಳೂ ಒಂದಾದ ಮೇಲೊಂದು ಬರುತ್ತವೆ. ಮೃದುಭಾಗಗಳು ಪೆಟ್ಟು ಬಿದ್ದಾಗ ಹಿಗ್ಗುತ್ತವೆ; ಗಡುಸುಭಾಗಗಳು ಗಂಟುಗಳಂತೆ ಹಿಡಿದಿದ್ದು ಮೊದಲಿನ ರೂಪಕ್ಕೆ ಎಳೆದು ತರುತ್ತವೆ. ವಿಯಟ್ನಾಮ್ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳ ಅಂಚನ್ನು ಮರಳಿನ ಹೊಡೆತದಿಂದ ಕಾಪಾಡಲು ಇಂತಹ ಪೊರೆಯನ್ನು ಬಳಸಿದರು. ಅಲ್ಲಿಂದ ಅದು ಕಾರುಗಳಿಗೆ ಬಂದಿತು. ಅದರ ದಪ್ಪ ಸಾಮಾನ್ಯವಾಗಿ ೧೫೦ರಿಂದ ೨೦೦ ಮೈಕ್ರೋಮೀಟರು. ಎಂದರೆ ಅದು ಕಾಪಾಡುವ ಬಣ್ಣಕ್ಕಿಂತಲೂ ಹೆಚ್ಚು. ಅತಿ ಚೂಪಾದ ಕಲ್ಲು ಪೊರೆಯನ್ನೂ ಸೀಳಬಹುದು. ಆದರೆ ಸೀಳಿದ ಪೊರೆಯನ್ನು ಕಿತ್ತು ಹೊಸದನ್ನು ಹಾಕಬಹುದು.

‘ಸೆರಾಮಿಕ್’ ಲೇಪಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಸಿಲಿಕಾನ್ ಸಂಯುಕ್ತಗಳಿಂದಾದ ಈ ಲೇಪಗಳ ದಪ್ಪ ಒಂದೆರಡು ಮೈಕ್ರೋಮೀಟರಿನಷ್ಟು. ಅವು ನೀರನ್ನು ಹನಿಗಟ್ಟಿಸಿ ಉರುಳಿಸುತ್ತವೆ, ಕೊಳೆ ಅಂಟದಂತೆ ನೋಡಿಕೊಳ್ಳುತ್ತವೆ, ತೊಳೆಯುವುದನ್ನು ಸುಲಭಗೊಳಿಸುತ್ತವೆ. ಕಾರ್ನೂಬ ಮೇಣವೂ ತಕ್ಕಮಟ್ಟಿಗೆ ಇದೇ ಕೆಲಸವನ್ನು ಮಾಡುತ್ತದೆ. ಆದರೆ ಕಲ್ಲಿನ ಪೆಟ್ಟನ್ನು ಇವೆರಡೂ ತಡೆಯಲಾರವು. ಜಾಹೀರಾತುಗಳಲ್ಲಿ ಕಾಣುವ ‘೯ ಎಚ್’ ಎಂಬ ಗುರುತು ಸೀಸದಕಡ್ಡಿಯಿಂದ ಗೀಚಿ ಅಳೆಯುವ ಗಡಸುತನವನ್ನು ಸೂಚಿಸುತ್ತದೆ. ವಜ್ರಕ್ಕೆ ೧೦, ಮರಳಿನ ಬೆಣಚುಕಲ್ಲಿಗೆ ೭ ಎಂದು ಹೇಳುವ ಮೋಸ್ ಮಾನವೇ ಬೇರೆ. ಈ ಎರಡನ್ನೂ ಒಂದೆಂದು ಭ್ರಮಿಸಿ ಮೋಸಹೋಗಬಾರದು.

ಅಂಟುಪಟ್ಟಿಯ ಉಪಯೋಗ

ಪೊರೆಯ ಬೆಲೆ ಹೆಚ್ಚು. ಒಂದು ದಿನದ ಮಟ್ಟಿಗೆ ಬಣ್ಣಗಾರರ ಮರೆಪಟ್ಟಿ, ಎಂದರೆ ‘ಮಾಸ್ಕಿಂಗ್ ಟೇಪ್’, ಸಾಕಾಗುತ್ತದೆ. ಇದರ ಹುಟ್ಟೂ ಕಾರಿಗೆ ಸಂಬಂಧಪಟ್ಟದ್ದೇ. ಅಮೆರಿಕದಲ್ಲಿ ಕಾರುಗಳಿಗೆ ಎರಡು ಬಣ್ಣ ಬಳಿಯುವ ಪದ್ಧತಿಯಿದ್ದಾಗ, ಗಡಿ ಕಟ್ಟಲು ಅಂಟಿಸಿದ ಕಾಗದವನ್ನು ಕಿತ್ತರೆ ಅದರೊಡನೆ ಬಣ್ಣವೂ ಕಿತ್ತುಬರುತ್ತಿತ್ತು. ಈ ತೊಂದರೆಯನ್ನು ಕಂಡ ತ್ರೀ ಎಂ ಸಂಸ್ಥೆಯ ರಿಚರ್ಡ್ ಡ್ರ್ಯೂ, ಹಿಡಿದುಕೊಂಡಿದ್ದು ಸುಲಭವಾಗಿ ಬಿಟ್ಟುಕೊಡುವ ಪಟ್ಟಿಯನ್ನು ೧೯೨೫ರಲ್ಲಿ ರೂಪಿಸಿದನು.

ಪಟ್ಟಿಯನ್ನು ಅಂಟಿಸುವ ಮುನ್ನ ಮೇಲ್ಮೈಯನ್ನು ಚೆನ್ನಾಗಿ ತೊಳೆದು ಒಣಗಿಸಬೇಕು. ಒಳಗೆ ಸಿಕ್ಕಿಬಿದ್ದ ಮರಳು ಬಣ್ಣವನ್ನು ಉಜ್ಜಿ ಗೀರುತ್ತದೆ. ಪಟ್ಟಿಗಳು ಒಂದರ ಮೇಲೊಂದು ಮೀನಿನ ಹುರುಪೆಯಂತೆ ಬರಬೇಕು. ತೆರೆದ ಅಂಚು ಹಿಂದಕ್ಕೆ ಇರಬೇಕು. ಮುಂದಕ್ಕೆ ತೆರೆದಿದ್ದರೆ ಗಾಳಿ ಅದನ್ನು ಎಬ್ಬಿಸಿ ಪಟಪಟನೆ ಹೊಡೆಯುತ್ತದೆ. ರೇಡಿಯೇಟರಿಗೆ ಗಾಳಿ ಹೋಗುವ ಕಿಂಡಿಗಳನ್ನೂ ದೀಪಗಳನ್ನೂ ಎಂದಿಗೂ ಮುಚ್ಚಬಾರದು. ಹೊಸದಾಗಿ ಬಳಿದ, ಪೂರ್ಣವಾಗಿ ಗಟ್ಟಿಯಾಗದ ಬಣ್ಣದ ಮೇಲೆ ಪಟ್ಟಿಯಾಗಲಿ ಪೊರೆಯಾಗಲಿ ಸಲ್ಲದು. ಸಂಜೆಯ ಹೊತ್ತಿಗೆ, ಮೇಲ್ಮೈ ಕೊಂಚ ಬೆಚ್ಚಗಿರುವಾಗಲೇ, ಪಟ್ಟಿಯನ್ನು ಹಿಂದಕ್ಕೆ ಮಡಿಸಿ ನಿಧಾನವಾಗಿ ಎಳೆದು ತೆಗೆಯಬೇಕು. ಬಿಸಿಲಿನಲ್ಲಿ ದಿನಗಟ್ಟಲೆ ಬಿಟ್ಟರೆ ಅಂಟು ಬೆಂದು ಬಣ್ಣಕ್ಕೇ ಕೂತುಬಿಡುತ್ತದೆ.

ದಿನ ಮುಗಿದ ಮೇಲೆ

ಕಾರನ್ನು ತಣಿಯಲು ಬಿಡುವುದು ಮೊದಲ ಕೆಲಸ. ಕೆಂಡದಂತೆ ಕಾದ ಬ್ರೇಕಿನ ಬಿಲ್ಲೆಗಳ ಮೇಲೆ ತಣ್ಣೀರು ಬಿದ್ದರೆ ಅವು ಸೊಟ್ಟಗಾಗಬಹುದು, ಬಿರುಕು ಬಿಡಲೂಬಹುದು. ಧೂಳನ್ನು ಒಣಬಟ್ಟೆಯಿಂದ ಎಂದಿಗೂ ಒರಸಬಾರದು. ಅದರಲ್ಲಿರುವ ಬೆಣಚಿನ ಕಣಗಳು ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ಮೊದಲು ನೀರನ್ನು ಹಾಯಿಸಿ ಸಡಿಲಗೊಳಿಸಿ, ಬಳಿಕ ಸಾಬೂನಿನ ನೀರಿಗೆ ಒಂದು, ಬಟ್ಟೆಯನ್ನು ಜಾಲಿಸಲು ಇನ್ನೊಂದು, ಹೀಗೆ ಎರಡು ಬಕೆಟ್ಟುಗಳನ್ನಿಟ್ಟುಕೊಂಡು ತೊಳೆಯಬೇಕು. ಅಂಟಿದ ರಬ್ಬರನ್ನು ಉಗುರಿನಿಂದ ಕೆರೆಯದೆ ಡಾಂಬರು ತೆಗೆಯುವ ದ್ರಾವಕದಿಂದ ಕರಗಿಸಬೇಕು. ಬ್ರೇಕುಗಳಿಂದ ಹಾರಿದ ಬಿಸಿ ಕಬ್ಬಿಣದ ಕಣಗಳು ಹೊಳಪಿನ ಪದರದಲ್ಲಿ ನಾಟಿ, ತುಕ್ಕುಹಿಡಿದು ಕಂದು ಚುಕ್ಕೆಗಳಾಗುತ್ತವೆ. ಥಯೋಗ್ಲೈಕೊಲೇಟ್ ಲವಣದ ದ್ರಾವಣ ಕಬ್ಬಿಣದೊಡನೆ ಕೂಡಿ ನೇರಿಳೆ ಬಣ್ಣಕ್ಕೆ ತಿರುಗಿ ಅವನ್ನು ಸಡಿಲಿಸುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ನೋಡಿ ಸಂತೋಷಪಡಬಹುದಾದ ಕ್ರಿಯೆ ಇದು.

ಕೊನೆಗೆ ಚಕ್ಕೆ ಎದ್ದ ಸ್ಥಳಗಳನ್ನು ಹುಡುಕಬೇಕು. ತಗಡು ಬಯಲಾಗಿದ್ದರೆ ತಡಮಾಡಬಾರದು. ತುಕ್ಕು ತಾನು ನುಂಗಿದ ಉಕ್ಕಿಗಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ, ಸುತ್ತಲಿನ ಒಳ್ಳೆಯ ಬಣ್ಣವನ್ನೂ ಎತ್ತಿ ಒಳಕ್ಕೆ ನುಗ್ಗುತ್ತದೆ. ಸತು ಲೇಪಿಸಿದ ತಗಡಾದರೆ ಸತುವು ತಾನು ಸವೆದು ಉಕ್ಕನ್ನು ಕೆಲವು ಕಾಲ ಕಾಯುತ್ತದೆ; ಆದರೂ ಅದು ಗಡುವೇ ಹೊರತು ಬಿಡುಗಡೆಯಲ್ಲ. ಸ್ಥಳವನ್ನು ಶುಚಿಗೊಳಿಸಿ, ಒಣಗಿಸಿ, ಅಸ್ತರಿ ಬಣ್ಣವನ್ನೂ ಮೇಲಿನ ಬಣ್ಣವನ್ನೂ ಸಣ್ಣ ಕುಂಚದಿಂದ ತುಂಬಬೇಕು.

ಒಂದು ಪ್ರಯೋಗ

ಹಳೆಯ ಎನಾಮಲ್ ಬಣ್ಣವಿರುವ ಎರಡು ತಗಡಿನ ಚೂರುಗಳನ್ನು ತೆಗೆದುಕೊಂಡು ಕಲ್ಲುಹಾಸಿನ ಮೇಲಿಡಿ. ಒಂದರ ಮೇಲೆ ಸೈಕಲ್ ಟ್ಯೂಬಿನ ತುಂಡೊಂದನ್ನು ಹಾಸಿ. ಸುಮಾರು ೧೦೦ ಗ್ರಾಂ ತೂಗುವ ಬೋಲ್ಟನ್ನು ಮೊದಲು ೩೯ ಸೆಂಟಿಮೀಟರು, ಬಳಿಕ ೧೫೭ ಸೆಂಟಿಮೀಟರು ಎತ್ತರದಿಂದ ಎರಡರ ಮೇಲೆಯೂ ಬೀಳಿಸಿ. ಚಕ್ಕೆ ಕಣ್ಣಿಗೆ ಸಿಡಿಯದಂತೆ ಕನ್ನಡಕ ಧರಿಸುವುದು ಅಗತ್ಯ. ನಾವು ಲೆಕ್ಕಮಾಡಿದ ಕಲ್ಲು ಗಂಟೆಗೆ ೧೦೦ ಮತ್ತು ೨೦೦ ಕಿಲೋಮೀಟರು ವೇಗದಲ್ಲಿ ತರುವ ಶಕ್ತಿಗಳೇ ಇವು. ಎತ್ತರ ಹೆಚ್ಚಿದಂತೆ ಗಾಯ ಹೇಗೆ ಬೆಳೆಯುತ್ತದೆ, ರಬ್ಬರಿನ ಅಡಿಯಲ್ಲಿ ಬಣ್ಣದ ಸ್ಥಿತಿ ಏನು ಎಂಬುದನ್ನು ಭೂತಗನ್ನಡಿಯಿಂದ ನೋಡಿ ಬರೆದಿಡಿ.