ಮುಖದ ಇಸುಬು: ಟ್ಯೂಬ್ ಕೊಳ್ಳುವ ಮೊದಲು



ಸಂಘದ ಸಭೆಗಳಲ್ಲಿ ನಾವು ಗಮನಿಸಿದ್ದೇವೆ, ಮುಖದಲ್ಲಿ ಇಸುಬು ಎದ್ದವರು ಸೆರಗು ಮುಚ್ಚಿಕೊಂಡು ಬಾಗಿಲ ಹತ್ತಿರ ಕೂರುತ್ತಾರೆ. ಪಕ್ಕದವರೂ ಸ್ವಲ್ಪ ಸರಿದು ಕೂರುತ್ತಾರೆ. ಇಸುಬು, ಅಂದರೆ ಎಕ್ಸಿಮಾ, ಅಂಟುರೋಗವಲ್ಲ. ಒಂದೇ ಚಾಪೆಯಲ್ಲಿ ಕೂತರೆ ಬರುವುದಿಲ್ಲ. (ಬೆರಳ ಸಂದಿಯಲ್ಲಿ ಎದ್ದು, ರಾತ್ರಿ ಮನೆಮಂದಿಗೆಲ್ಲ ತುರಿಸುವ ಕಜ್ಜಿ ಬೇರೆ. ಅದು ಅಂಟುತ್ತದೆ.)

ಇಸುಬು ಇರುವವರ ಚರ್ಮ ಬಿರುಕು ಬಿಟ್ಟ ಮಣ್ಣಿನ ಗೋಡೆಯ ಹಾಗೆ. ಒಳಗಿನ ತೇವ ಆರಿಹೋಗುತ್ತದೆ; ಸೋಪು, ಧೂಳು, ಒಲೆಯ ಹೊಗೆ ತಾಗಿದರೆ ಉರಿ, ತುರಿಕೆ ಹೆಚ್ಚುತ್ತದೆ. ಆದ್ದರಿಂದ ದಿನಾಲೂ ಮಾಡಬೇಕಾದ ಆರೈಕೆ ತೇವ ಕಾಪಾಡುವುದು. ಬೆಳಿಗ್ಗೆ, ಸಂಜೆ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಲ್ಲಿ ಮುಖ ತೊಳೆಯಿರಿ. ಬಿಸಿನೀರು ಬೇಡ, ಬಟ್ಟೆ ಸೋಪಂತೂ ಬೇಡವೇ ಬೇಡ. ಉಜ್ಜದೆ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಪಸೆ ಆರುವ ಮೊದಲೇ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ. ಇಸುಬು ಕಡಿಮೆಯಾದ ಮೇಲೂ ಇದನ್ನು ಬಿಡಬೇಡಿ. ನಿಂಬೆರಸ, ಕಡಲೆಹಿಟ್ಟು ಹಚ್ಚಬೇಡಿ. ತಲೆಗೆ ಬಣ್ಣ ಹಚ್ಚಿದ ಒಂದೆರಡು ದಿನದಲ್ಲಿ ಕಣ್ಣುರೆಪ್ಪೆ ಊದಿದರೆ ಆ ಬಣ್ಣವನ್ನೇ ಅನುಮಾನಿಸಿ. ಸ್ಟಿಕ್ಕರ್ ಬೊಟ್ಟಿನ ಅಂಟೂ ಕೆಲವರಿಗೆ ಆಗುವುದಿಲ್ಲ.

ಇನ್ನು ಟ್ಯೂಬಿನ ಮಾತು. ಮೆಡಿಕಲ್ ಶಾಪಿನಲ್ಲಿ "ಮುಖಕ್ಕೆ ಏನಾದರೂ ಕೊಡಿ" ಅಂತ ಕೇಳಿ ತಂದ ಮುಲಾಮು ಎರಡೇ ದಿನಕ್ಕೆ ಕೆಂಪು ಇಳಿಸುತ್ತದೆ. ಮುಖ ಬೆಳ್ಳಗೂ ಕಾಣುತ್ತದೆ. ಆಮೇಲೆ ಅದೇ ದಿನನಿತ್ಯದ ಕ್ರೀಮ್ ಆಗಿಬಿಡುತ್ತದೆ, ಮಗಳೂ ಹಚ್ಚುತ್ತಾಳೆ. ಅಂಥ ಅನೇಕ ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ ರಕ್ತನಾಳ ಕಾಣಿಸುತ್ತದೆ, ಮೊಡವೆ ಏಳುತ್ತದೆ, ಗಡ್ಡದ ಜಾಗದಲ್ಲಿ ಕೂದಲು ಬರಬಹುದು. ನಿಲ್ಲಿಸಿದ ಕೂಡಲೇ ಮುಖ ಮೊದಲಿಗಿಂತ ಜೋರಾಗಿ ಉರಿಯುತ್ತದೆ, ಆ ಉರಿಗೆ ಹೆದರಿ ಮತ್ತೆ ಅದನ್ನೇ ಕೊಳ್ಳುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿದೆ. ಆದರೂ ಕೇಳಿದರೆ ಕೈಗೆ ಸಿಗುತ್ತದೆ!

ಹಾಗಂತ ಸ್ಟಿರಾಯ್ಡ್ ವಿಷವಲ್ಲ. ಇಸುಬು ಕೆರಳಿದಾಗ ವೈದ್ಯರು ಮುಖಕ್ಕೆ ಸಾಮಾನ್ಯವಾಗಿ ಕಡಿಮೆ ಶಕ್ತಿಯದ್ದನ್ನು, ಕೆಲವೇ ದಿನಕ್ಕೆ ಬರೆದುಕೊಡುತ್ತಾರೆ. ಹೆದರಿ ಅದನ್ನು ಬಿಡುವುದೂ ತಪ್ಪು. ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಅಂತ ಕೇಳಿ ಚೀಟಿಯಲ್ಲೇ ಬರೆಸಿಕೊಳ್ಳಿ. ಈಗಾಗಲೇ ತಿಂಗಳುಗಳಿಂದ ಹಚ್ಚುತ್ತಿರುವವರು ತಾವಾಗಿ ನಿಲ್ಲಿಸದೆ ಚರ್ಮವೈದ್ಯರಿಗೆ ಟ್ಯೂಬನ್ನೇ ತೋರಿಸಿ. ತಾಲೂಕು ಆಸ್ಪತ್ರೆಯಲ್ಲಿ ಚರ್ಮವೈದ್ಯರಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ. ಕೀವು, ಹಳದಿ ಹೊಪ್ಪಳೆ, ಜ್ವರ, ನೋಯುವ ಸಣ್ಣ ನೀರುಗುಳ್ಳೆಗಳು ಕಂಡರೆ, ಅಥವಾ ಕಣ್ಣಿನ ಸುತ್ತ ಊದಿಕೊಂಡರೆ ಅದೇ ದಿನ ಹೋಗಿ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಮನೆಯಲ್ಲಿ ಮುಖಕ್ಕೆ ಹಚ್ಚುವ ಟ್ಯೂಬ್ ತನ್ನಿ. ಹೈಸ್ಕೂಲಿಗೆ ಹೋಗುವ ಮಕ್ಕಳಿಂದ ಸಣ್ಣಕ್ಷರ ಓದಿಸಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್: ಈ ಮೂರರಲ್ಲಿ ಯಾವ ಹೆಸರಿದ್ದರೂ ಆ ಟ್ಯೂಬನ್ನು ಪಕ್ಕಕ್ಕಿಡಿ, ಯಾರು ಬರೆದುಕೊಟ್ಟದ್ದು, ಎಷ್ಟು ದಿನವಾಯಿತು ಅಂತ ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ.