ಕಾಂಚನಜುಂಗಾ ಕಾಣಬೇಕಾದರೆ

ಡಾರ್ಜಿಲಿಂಗ್‌ಗೆ ಹೋಗಿಯೂ ಕಾಂಚನಜುಂಗಾ ನೋಡದೆ ಬಂದವರು ನಿಮ್ಮ ಪರಿಚಯದಲ್ಲೇ ಸಿಗಬಹುದು. ಸಾಮಾನ್ಯವಾಗಿ ಅವರು ಹೋಗಿದ್ದು ಮೇ ತಿಂಗಳ ರಜೆಯಲ್ಲಿ. ಬಂಗಾಳ ಕೊಲ್ಲಿಯ ತೇವದ ಗಾಳಿಗೆ ಬಯಲಿನಲ್ಲಿ ತಡೆಯೇ ಇಲ್ಲ. ನೇರ ಬಂದು ಪೂರ್ವ ಹಿಮಾಲಯಕ್ಕೆ ಬಡಿಯುತ್ತದೆ, ಮೋಡ ಕಟ್ಟುತ್ತದೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದೊಳಗೆ ಹೋಗಿ. ದಸರಾ ಬೇಡ, ಆಗ ಕೋಲ್ಕತ್ತಕ್ಕೆ ಕೋಲ್ಕತ್ತವೇ ಬೆಟ್ಟ ಹತ್ತಿರುತ್ತದೆ.

ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ವಿಮಾನ, ರೈಲಾದರೆ ನ್ಯೂ ಜಲ್ಪಾಯ್‌ಗುಡಿ. ಅಲ್ಲಿಂದ ಶೇರ್ ಜೀಪಿನಲ್ಲಿ ಮೂರ್ನಾಲ್ಕು ಗಂಟೆ. ಟಾಯ್ ಟ್ರೇನಿನ ಆಸೆಗೆ ಘೂಮ್‌ವರೆಗಿನ ಸವಾರಿ ಸಾಕು.

ಬೆಳಗಿನ ಜಾವ ನಾಲ್ಕಕ್ಕೇ ಎಬ್ಬಿಸಿ ಟೈಗರ್ ಹಿಲ್‌ಗೆ ಕರೆದೊಯ್ಯುತ್ತಾರೆ. ಅಲ್ಲಿ ಜೀಪುಗಳ ಸಾಲು, ಮುಂದಿನವರ ಮೊಬೈಲುಗಳ ನಡುವೆ ಇಣುಕಿ ನೋಡುವ ಪಾಡು. ನನ್ನ ಕೇಳಿದರೆ ಬಿಟ್ಟುಬಿಡಿ. ಚೌರಸ್ತಾದಿಂದ ಅಬ್ಸರ್ವೇಟರಿ ಹಿಲ್ ಸುತ್ತುವ ಮಾಲ್ ರಸ್ತೆಯಲ್ಲೇ ಇದೇ ಶಿಖರ ಕಾಣುತ್ತದೆ. ಊರಿನ್ನೂ ಕತ್ತಲಲ್ಲಿರುವಾಗ ತುದಿ ಕೆಂಪಗಾಗಿ, ಬಣ್ಣ ಕೆಳಗಿಳಿಯುತ್ತಾ ಚಿನ್ನಕ್ಕೆ ತಿರುಗಿ, ಆಮೇಲೆ ಬರೀ ಬಿಳಿ. ಬಿಸಿಲೇರಿದರೆ ಕಣಿವೆಯಿಂದ ಮೋಡ ಏಳುತ್ತದೆ, ಆದ್ದರಿಂದ ತಿಂಡಿ ಆಮೇಲೆ. ಮೂರು ರಾತ್ರಿಯಾದರೂ ಉಳಿಯಿರಿ. ಒಂದು ಬೆಳಗ್ಗೆ ಕೈಕೊಟ್ಟರೆ ಇನ್ನೊಂದಿರುತ್ತದೆ.

ಮೋಡದ ದಿನಕ್ಕೆ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್ ಇಟ್ಟುಕೊಳ್ಳಿ. ಮೃಗಾಲಯದೊಳಗಿಂದಲೇ ದಾರಿ, ಗುರುವಾರ ರಜೆ. ಎವರೆಸ್ಟ್ ಹತ್ತಿದ ಮರುವರ್ಷ, 1954ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ತೇನ್‌ಸಿಂಗ್ ನೋರ್ಗೆ ತರಬೇತಿಯ ಮುಖ್ಯಸ್ಥರಾಗಿದ್ದರು. ಅವರ ಸಮಾಧಿಯೂ ಇಲ್ಲೇ ಇದೆ. ಇಲ್ಲಿನ ಹಳೇ ಬೂಟು, ಹಗ್ಗ ನೋಡಿದ ಮೇಲೆ ಎದುರಿನ ಬೆಟ್ಟ ಬೇರೆಯೇ ಕಾಣುತ್ತದೆ.

8,586 ಮೀಟರಿನ ಈ ಬೆಟ್ಟವನ್ನೇ 19ನೇ ಶತಮಾನದ ನಡುವಿನವರೆಗೂ ಜಗತ್ತಿನ ಅತಿ ಎತ್ತರದ್ದೆಂದು ನಂಬಿದ್ದರು, ಈಗ ಮೂರನೆಯದು. 1905ರ ಮೊದಲ ಪ್ರಯತ್ನ ಹಿಮಪಾತದ ಸಾವುಗಳಲ್ಲಿ ಮುಗಿಯಿತು. 1955ರ ಮೇ 25ರಂದು ಚಾರ್ಲ್ಸ್ ಇವಾನ್ಸ್ ತಂಡದ ಜೋ ಬ್ರೌನ್, ಜಾರ್ಜ್ ಬ್ಯಾಂಡ್ ನೇಪಾಳದ ಕಡೆಯಿಂದ ಹತ್ತಿದರು, ಆದರೆ ತುದಿ ಮೆಟ್ಟಲಿಲ್ಲ. ಸಿಕ್ಕಿಂನವರಿಗೆ ಅದು ದೇವರ ನೆಲೆ. ಕೊಟ್ಟ ಮಾತಿನಂತೆ ಕೆಲವೇ ಅಡಿ ಕೆಳಗೆ ನಿಂತರು. ಸಿಕ್ಕಿಂ ಕಡೆಯ ದಾರಿ ಇನ್ನೂ ಕಠಿಣ. ಅಲ್ಲಿ ಪಾಲ್ ಬಾವರ್‌ನ ಜರ್ಮನ್ ತಂಡ 1929, 1931ರಲ್ಲಿ ಎರಡು ಸಲ ಸೋತ ಈಶಾನ್ಯ ಏಣನ್ನು 1977ರಲ್ಲಿ ಗೆದ್ದದ್ದು ಕರ್ನಲ್ ನರೇಂದ್ರ ಕುಮಾರ್ ನೇತೃತ್ವದ ನಮ್ಮ ಸೇನೆಯ ತಂಡ.

ಕಾಲಿನಲ್ಲಿ ಕಸುವಿದ್ದರೆ 3,636 ಮೀಟರಿನ ಸಂದಕ್‌ಫುಗೆ ಹೋಗಿ. ಆಕಾಶ ತಿಳಿಯಾಗಿದ್ದರೆ ಎವರೆಸ್ಟ್, ಲೋತ್ಸೆ, ಮಕಾಲುಗಳೂ ಅಲ್ಲಿಂದ ಕಾಣುತ್ತವೆ. ಮಾನೇಭಂಜಂಗ್‌ನಿಂದ ನಡೆಯಬಹುದು, ಗೈಡ್ ಜೊತೆಗಿರಬೇಕು, ನಡೆಯಲಾರದವರಿಗೆ ಜೀಪುಂಟು. ದಾರಿ ನೇಪಾಳದೊಳಗೂ ಹೊಕ್ಕು ಬರುವುದರಿಂದ ಮತದಾರರ ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಕೈಯಲ್ಲಿರಲಿ. ಜೀಪಿನಲ್ಲಿ ಒಂದೇ ದಿನಕ್ಕೆ ಮೇಲೇರಿದವರಿಗೆ ತಲೆನೋವು ಬರುವುದುಂಟು. ರಾತ್ರಿ ಅದು ಜಾಸ್ತಿಯಾದರೆ ಬೆಳಗಿನ ನೋಟಕ್ಕೆ ಕಾಯದೆ ಕೆಳಗಿಳಿಯಿರಿ.